ಡೀಪ್ ಒಂದು ಗಂಟೆ

ಹಿರೇಕೊಡಿಗೆ ಕಡೆ ಒಬ್ಬ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬರಬಹುದು, ಬಿಪಿ ಬರಬಹುದು, ಮಂಗಗಳ ಕಾಟದಿಂದ ತಲೆ ಕೆಡಬಹುದು. ಇದಕ್ಕೆಲ್ಲ ಊರಿನಲ್ಲಿ ಸಹಾನುಭೂತಿ ಇದೆ. ನಿದ್ದೆ ಬರುವುದಿಲ್ಲ ಎಂದರೆ ಮಾತ್ರ ಇಲ್ಲ. ನಿದ್ದೆ ಬಾರದವನನ್ನು ಕಂಡರೆ ನಮ್ಮೂರವರು ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ಅವನ ಮನೆಯ ಕಡೆ ನೋಡುತ್ತಾರೆ, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಏನೋ ಮಾಡಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಬೀಳುವುದಿಲ್ಲ.

ಜಯದೇವಪ್ಪ ಮಾಡಿದ್ದು ಇಷ್ಟೇ. ಅವನ ಮಗಳು ನಿಶ್ಚಿತಾಳನ್ನು ನೋಡಲಿಕ್ಕೆ ಕಿಗ್ಗದಿಂದ ಹುಡುಗನ ತಂದೆ ಹಿರಿಯಣ್ಣನವರು ಮನೆಯವರನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಒಪ್ಪಿಗೆಯಾದಳು, ಉಪ್ಪಿಟ್ಟೂ ಒಪ್ಪಿಗೆಯಾಯಿತು. ಹೊರಡುವಾಗ ಹಿರಿಯಣ್ಣನವರು ಚಪ್ಪಲಿ ಮೆಟ್ಟುತ್ತ, ಟಾರು ರಸ್ತೆಯಿಂದ ಅಂಗಳದವರೆಗೆ ಬಂದ ಜೀಪುದಾರಿಯನ್ನು ಒಮ್ಮೆ ನೋಡಿ, "ದಾರಿ ನಿಮ್ಮದೇ ಅಲ್ವಾ?" ಎಂದರು. ಅವರ ಮನೆಯಲ್ಲಿ ಹಿಂದೊಂದು ಸಂಬಂಧ ದಾರಿಯ ತಕರಾರಿನಲ್ಲೇ ಮುರಿದುಬಿದ್ದಿತ್ತು, ಅದಕ್ಕೇ ಕೇಳಿದ್ದು. ಜಯದೇವಪ್ಪ ಎದೆಯನ್ನು ಸ್ವಲ್ಪ ಮುಂದೆ ಮಾಡಿ, "ನಮ್ಮದೇ. ಇನ್ನ್ಯಾರದ್ದು?" ಎಂದುಬಿಟ್ಟ.

ದಾರಿ ಅವನದಲ್ಲ. ಟಾರು ರಸ್ತೆಗೂ ಅವನ ಮನೆಗೂ ನಡುವೆ ಇರುವುದು ಪಕ್ಕದ ಮನೆ ಪುಟ್ಟಯ್ಯನ ಬೇಲಿಯೊಳಗಿನ ಜಾಗ. ಪುಟ್ಟಯ್ಯ ಬಿಟ್ಟರೆ ದಾರಿ, ಬಿಡದಿದ್ದರೆ ಇಲ್ಲ. ಹಾಗೆ ನೋಡಿದರೆ ಆ ಜಾಗ ಪುಟ್ಟಯ್ಯನದೂ ಅಲ್ಲ. ಅವನ ಅಪ್ಪ ಸರ್ಕಾರದ ಜಾಗಕ್ಕೆ ಬೇಲಿ ಸುತ್ತಿ, ನಾಲ್ಕು ಕಾಫಿ ಗಿಡ ಹಾಕಿ, ನಮ್ಮದು ನಮ್ಮದು ಅನ್ನುತ್ತಲೇ ತೀರಿಕೊಂಡಿದ್ದ. ಇದಕ್ಕೆ ನಮ್ಮ ಕಡೆ ಒತ್ತುವರಿ ಅನ್ನುತ್ತಾರೆ. ಬೇರೆಯವರು ಮಾಡಿದ್ದಕ್ಕೆ ಮಾತ್ರ ಹಾಗೆ ಅನ್ನುವುದು; ನಾವು ಮಾಡಿದರೆ ಅದು ಸಾಗುವಳಿ. ಊರಿನಲ್ಲಿ ಸಾಗುವಳಿ ಇಲ್ಲದ ಮನೆ ಇಲ್ಲ. ನನ್ನ ವಿಷಯ ಇಲ್ಲಿ ಬೇಡ.

ಹಿರಿಯಣ್ಣನವರ ಕಾರು ತಿರುವು ದಾಟಿತು. ಜಯದೇವಪ್ಪನ ನಿದ್ದೆಯೂ ಅದರ ಹಿಂದಿನ ಸೀಟಿನಲ್ಲಿ ಕೂತು ಕಿಗ್ಗಕ್ಕೆ ಹೊರಟುಹೋಯಿತು.

ಹೆಂಡತಿ ಮಲ್ಲಿಕಾ ಮೊದಲು ಕಾಫಿಯ ಮೇಲೆ ಅನುಮಾನಪಟ್ಟು ಸಂಜೆಯ ಕಾಫಿ ನಿಲ್ಲಿಸಿದಳು. ಆಮೇಲೆ ದಿಂಬಿನ ಮೇಲೆ ಅನುಮಾನಪಟ್ಟು ಅದನ್ನು ಬಿಸಿಲಿಗೆ ಹಾಕಿದಳು. ಎರಡೂ ನಿರಪರಾಧಿಗಳೆಂದು ತಿಳಿದ ಮೇಲೆ ಗಂಡನ ಕಡೆ ತಿರುಗಿದಳು.

"ನಿಮ್ಮ ಹೊಟ್ಟೇಲಿ ಎಂತದೋ ಉಂಟು. ಹೇಳಿದ್ರೆ ನಿದ್ದೆ ಬರ್ತದೆ," ಎಂದಳು.

"ಎಂತದೂ ಇಲ್ಲ ಮಾರಾಯ್ತಿ."

ಕೊಪ್ಪದ ಡಾಕ್ಟರೂ ಅದನ್ನೇ ಕೇಳಿದರು. "ಮನಸ್ಸಿಗೆ ಚಿಂತೆ ಏನಾದ್ರೂ ಇದ್ಯಾ?" ಮಲ್ಲಿಕಾ ಪಕ್ಕದ ಕುರ್ಚಿಯಲ್ಲೇ ಕೂತಿದ್ದರಿಂದ ಜಯದೇವಪ್ಪ ಅಲ್ಲೂ ಎಂತದೂ ಇಲ್ಲ ಎಂದ. ಡಾಕ್ಟರು ಅವನನ್ನೂ ನೋಡಿದರು, ಅವಳನ್ನೂ ನೋಡಿದರು, ಮಾತ್ರೆ ಬರೆಯದೆ, "ಸಂಜೆ ಹೊತ್ತು ಚೆನ್ನಾಗಿ ನಡೀರಿ," ಎಂದು ಕಳಿಸಿದರು. ಮಾತ್ರೆ ಬರೆಯದ ಡಾಕ್ಟರ ಮೇಲೆ ಜಯದೇವಪ್ಪನಿಗೆ ಅನುಮಾನ ಬಂತು.

ನಿಶ್ಚಿತಾ ನರಸಿಂಹರಾಜಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅಳೆದು ನೋಡದೆ ಯಾವುದನ್ನೂ ನಂಬುವವಳಲ್ಲ. ಅಪ್ಪನ ನಿದ್ದೆಯನ್ನೂ ಅಳೆಯೋಣ ಎಂದು ಅವಳು ಒಂದು ವಾಚು ತಂದು ಅವನ ಕೈಗೆ ಕಟ್ಟಿ ಹೋದಳು. ಕಟ್ಟಿಕೊಂಡು ಮಲಗಿದರೆ ಸಾಕು, ಎಷ್ಟು ಹೊತ್ತು ಗಾಢ ನಿದ್ದೆ, ಎಷ್ಟು ಹೊತ್ತು ಮೇಲುಮೇಲಿನ ನಿದ್ದೆ, ಎಷ್ಟು ಹೊತ್ತು ಎಚ್ಚರ ಎಂದು ಬೆಳಿಗ್ಗೆ ಅದೇ ಒಪ್ಪಿಸುತ್ತದೆ. ಗಾಢವಾದದ್ದಕ್ಕೆ ಅದರ ಭಾಷೆಯಲ್ಲಿ ಡೀಪ್, ಮೇಲುಮೇಲಿನದ್ದಕ್ಕೆ ಲೈಟ್.

ಅಂದಿನಿಂದ ಜಯದೇವಪ್ಪ ಅಂಗಿಯ ಎಡತೋಳನ್ನು ಮಾತ್ರ ಮಡಿಚತೊಡಗಿದ. ಯಾರಾದರೂ ಗಂಟೆ ಎಷ್ಟಾಯಿತು ಎಂದರೆ, "ಟೈಮ್ ಹೇಳೋದು ಇದ್ರ ಸಣ್ಣ ಕೆಲಸ," ಎನ್ನುತ್ತಿದ್ದ. ದೊಡ್ಡ ಕೆಲಸ ಏನು ಎಂದು ಕೇಳಿದರೆ ನಿದ್ದೆಯ ವಿಷಯ ಹೇಳಬೇಕಾಗುತ್ತದೆ. ನಿದ್ದೆ ಇಲ್ಲ ಎಂದರೆ ಊರು ಹೇಗೆ ನೋಡುತ್ತದೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ, "ಅದೆಲ್ಲ ಮೇಲಿಂದ ನಡೀತದೆ. ಉಪಗ್ರಹ," ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ. ಮಾತು ಅಲ್ಲಿಗೆ ನಿಂತಿತೆಂದು ಅವನು ತಿಳಿದುಕೊಂಡಿದ್ದ, ಪಾಪ.

ಮಲ್ಲಿಕಾಳಿಗೆ ವಾಚಿನ ಮೇಲೆ ಸ್ವಲ್ಪವೂ ನಂಬಿಕೆ ಇರಲಿಲ್ಲ. ಅದರ ಹೊಟ್ಟೆಯ ಕೆಳಗೆ ಒಂದು ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು. "ಇದು ನನ್ನನ್ನೇ ನೋಡ್ತದೆ," ಎಂದು ಅವಳು ಮಲಗುವಾಗ ಅದರ ಮೇಲೆ ಟವೆಲು ಹಾಕುತ್ತಿದ್ದಳು. ಬೆಳಿಗ್ಗೆ ಎದ್ದರೆ ಜಗಳ.

"ರಾತ್ರಿ ಮೂರು ಗಂಟೆ ಎಚ್ಚರ ಇದ್ದೆ ನೋಡು. ಇಲ್ಲಿ ಬಂದಿದೆ," ಎನ್ನುತ್ತಿದ್ದ ಜಯದೇವಪ್ಪ.

"ನಿಮ್ಮ ಗೊರಕೆಗೆ ಎಚ್ಚರ ಇದ್ದೋಳು ನಾನು. ಆ ಮೂರು ಗಂಟೆ ನಂದು. ನಿಮ್ಮ ಕೈ ನನ್ನ ಮೇಲೆ ಬಿದ್ದಿತ್ತು, ಅದಕ್ಕೆ ನಂದನ್ನ ಬರ್ಕೊಂಡಿದೆ."

ಇದನ್ನು ತೀರ್ಮಾನಿಸಬೇಕಾದವಳು ಮಗಳು. ಮಗಳಿಗೆ ಫೋನು ಮಾಡಬೇಕೆಂದರೆ ನಮ್ಮೂರಿನಲ್ಲಿ ರಸ್ತೆಯ ತಿರುವಿಗೇ ಹೋಗಬೇಕು. ಅಲ್ಲಿ ಮೋರಿಯ ಕಟ್ಟೆಯ ಮೇಲೆ, ಅದರಲ್ಲೂ ಬಲಬದಿಯಲ್ಲಿ ನಿಂತರೆ ಮಾತ್ರ ನೆಟ್‌ವರ್ಕ್. ಊರಿನ ಸಾವು, ಸಂಬಂಧ, ಬೈಗುಳ ಎಲ್ಲ ಆ ಬಲಬದಿಯಿಂದಲೇ ಹೊರಡುತ್ತವೆ. ಸಿಗ್ನಲ್ಲು ಬಂದು ಹೋಗಿ ಮಾಡುವುದರಿಂದ ಕೂಗಿಯೇ ಹೇಳಬೇಕು, ಹಾಗಾಗಿ ನಮ್ಮಲ್ಲಿ ಗುಟ್ಟಿನ ಫೋನು ಎಂಬುದಿಲ್ಲ. ಜಯದೇವಪ್ಪ ಬೆಳಿಗ್ಗೆ ಎದ್ದು ಆ ಕಟ್ಟೆ ಹತ್ತಿ ಮಗಳಿಗೆ ವರದಿ ಒಪ್ಪಿಸತೊಡಗಿದ.

ಸಂಜೆ ಡಾಕ್ಟರು ಹೇಳಿದ ನಡಿಗೆ. ರಸ್ತೆಯಲ್ಲಿ ಸುಮ್ಮನೆ ನಡೆದರೆ ಎಲ್ಲಿಗೆ, ಎಂತಕ್ಕೆ ಎಂದು ಕೇಳುವವರು ಜಾಸ್ತಿ. ಅದಕ್ಕೆ ಅವನು ಬೇಲಿ ಪಕ್ಕದ ಕಾಲುದಾರಿಗಳನ್ನು ಹಿಡಿದ. ಪುಟ್ಟಯ್ಯನ ಬೇಲಿಯ ಉದ್ದಕ್ಕೂ ಹೋಗುವುದು, ಮೂಲೆಯಲ್ಲಿ ನಿಲ್ಲುವುದು, ವಾಚು ನೋಡುವುದು, ಅದು ಉಪಗ್ರಹ ಹುಡುಕುತ್ತಿದೆ ಎಂದರೆ ಕೈಯನ್ನು ಆಕಾಶಕ್ಕೆ ಎತ್ತಿ ಹಿಡಿಯುವುದು, ಮತ್ತೆ ಅದರಾಚೆಯ ತೋಟದ ಬೈರಪ್ಪನ ಬೇಲಿಯ ಉದ್ದಕ್ಕೂ ನಡೆಯುವುದು. ಮುಸ್ಸಂಜೆಯ ಮಬ್ಬಿನಲ್ಲಿ ಅವನು ಕಾಣುತ್ತಿರಲಿಲ್ಲ. ಬೇಲಿಯ ಗುಂಟ ಸಾಗುವ ಒಂದು ಹಸಿರು ದೀಪ ಮಾತ್ರ ಕಾಣುತ್ತಿತ್ತು.

ಪುಟ್ಟಯ್ಯ ಕೊಟ್ಟಿಗೆಯ ಮರೆಯಲ್ಲಿ ನಿಂತು ಇದನ್ನು ನೋಡಿದ. ಒಂದು ದಿನ ನೋಡಿ ಸುಮ್ಮನಾದ. ಮರುದಿನವೂ ನೋಡಿದ ಮೇಲೆ ಅವನಿಗೆ ಊಟ ಸೇರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತಾಲ್ಲೂಕಿನಲ್ಲಿ ಡೀಮ್ಡ್ ಎಂಬ ಪದ ಹಾಲು ಕುಡಿಯುವ ಮಗುವಿಗೂ ಗೊತ್ತು. ಡೀಮ್ಡ್ ಫಾರೆಸ್ಟ್ ಎಂದರೆ, ಕಾಡೆಂದು ನಿಮಗೆ ಕಾಣದಿದ್ದರೂ ಸರ್ಕಾರಕ್ಕೆ ಕಾಡೆಂದು ಕಾಣುವ ಜಾಗ. ಆ ಪಟ್ಟಿಗೆ ಸೇರಿತೋ, ಸಾಗುವಳಿ ಹೋಯಿತು. ಈ ಪದದಿಂದ ನಮ್ಮಲ್ಲಿ ಬಿಪಿ ಏರಿದಷ್ಟು ಉಪ್ಪಿನಕಾಯಿಯಿಂದ ಏರಿಲ್ಲ.

ಊಟ ಸೇರದ ಆ ರಾತ್ರಿ ಕಳೆದು ಬೆಳಿಗ್ಗೆ ಪುಟ್ಟಯ್ಯ ಮೋರಿಯ ಕೆಳಗೆ ನೀರಿನ ಪೈಪಿನ ಕಸ ತೆಗೆಯುತ್ತಿದ್ದ. ಮೇಲೆ ಜಯದೇವಪ್ಪ ಬಂದು ನಿಂತ. ಅದೇ ಹೊತ್ತಿಗೆ ಜಲ್ಲಿ ತುಂಬಿದ ಟಿಪ್ಪರೊಂದು ಶೆಟ್ಟಿಕೊಪ್ಪದ ಕಡೆ ಹೊರಟು ಏರಿನಲ್ಲಿ ಒದ್ದಾಡುತ್ತಿತ್ತು. ಜಯದೇವಪ್ಪ ಮಗಳಿಗೆ ಹೇಳಿದ್ದು ಹೀಗೆ.

"ಕೇಳ್ತದಾ? ನಿನ್ನೆ ಡೀಪ್ ಒಂದೇ ಗಂಟೆ. ಪುಟ್ಟಯ್ಯನ ನಾಯಿ ಬೊಗಳಿ ಬೊಗಳಿ... ಹೌದು, ಪುಟ್ಟಯ್ಯನ ಕಡೆಯಿಂದಲೇ ಒಂದು ಗಂಟೆ ಹೋಯ್ತು. ಇವತ್ತು ಇನ್ನೊಂದು ಗಂಟೆ ಹೋಗ್ತದೋ ಏನೋ."

ಪುಟ್ಟಯ್ಯ ಕೇಳಿಸಿಕೊಂಡಿದ್ದು ಹೀಗೆ: ನಿನ್ನೆ ಡೀಮ್ಡ್ ಒಂದು ಗುಂಟೆ. ಪುಟ್ಟಯ್ಯನ ಕಡೆಯಿಂದ ಒಂದು ಗುಂಟೆ ಹೋಯ್ತು. ಇವತ್ತು ಇನ್ನೊಂದು ಗುಂಟೆ ಹೋಗ್ತದೋ ಏನೋ.

ಗಂಟೆಗೂ ಗುಂಟೆಗೂ ನಡುವೆ ಇರುವುದು ಒಂದು ಕೊಂಬು. ಆ ಕೊಂಬು ಟಿಪ್ಪರಿನ ಸದ್ದಿನಲ್ಲಿ ಎಲ್ಲಿಂದ ಬಂದು ಸೇರಿಕೊಂಡಿತೋ, ಪುಟ್ಟಯ್ಯ ಪೈಪನ್ನು ಅಲ್ಲೇ ಬಿಟ್ಟು ಬೈರಪ್ಪನ ಮನೆಗೆ ಓಡಿದ.

ಬೈರಪ್ಪ ನಮ್ಮೂರಿನ ಕಾನೂನು ತಜ್ಞ. ಅಣ್ಣತಮ್ಮಂದಿರ ಪಾಲಿನ ಕೇಸಿಗೆ ಕೊಪ್ಪದ ಕೋರ್ಟಿಗೆ ಅಲೆದೂ ಅಲೆದೂ ಕೇಸು ಸೋತಿದ್ದ, ಕಾನೂನು ಗೆದ್ದುಕೊಂಡಿದ್ದ. ಎಲ್ಲವನ್ನೂ ಕೇಳಿ ಅವನು ಕಣ್ಣು ಮುಚ್ಚಿ ಕೂತ.

"ಇಲಾಖೆಯವರು ಬಂದ್ರೆ ಜನ ಗಲಾಟೆ ಮಾಡ್ತಾರೆ ಅಂತ ಊರವನ ಕೈಗೇ ಕಟ್ಟಿದಾರೆ. ಆನೆಗೆ ಕಾಲರ್ ಹಾಕ್ತಾರಲ್ಲ, ಹಾಗೆ. ಇವ ನಡೆದ ಕಡೆಯೆಲ್ಲ ಮ್ಯಾಪ್ ಆಗ್ತದೆ."

"ನಂದು ಮಾತ್ರ ಬರ್ದಿದಾನೆ ಮಾರಾಯ. ನಿಂದು ಹೇಳ್ಲಿಲ್ಲ," ಎಂದ ಪುಟ್ಟಯ್ಯ. ಅವನ ದನಿಯಲ್ಲಿ ದುಃಖಕ್ಕಿಂತ ಅಸಮಾಧಾನ ಹೆಚ್ಚಿತ್ತು.

ಬೈರಪ್ಪ ಮರುದಿನ ಬೆಳಿಗ್ಗೆ ತಾನೇ ಹೋಗಿ ಮೋರಿಯ ಕೆಳಗೆ ಕೂತ. ಹಿಂದಿನ ದಿನ ಅವನ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಗಿ, ರಾತ್ರಿ ಮೈಕಿನಲ್ಲಿ ಭಜನೆ ಇತ್ತು. ಕಟ್ಟೆಯ ಮೇಲಿಂದ ಜಯದೇವಪ್ಪನ ದನಿ ಸ್ಪಷ್ಟವಾಗಿಯೇ ಇಳಿದುಬಂತು. "ಬೈರಪ್ಪನ ಲೆಕ್ಕದಲ್ಲಿ ಎರಡು ಗಂಟೆ ಹೋಯ್ತು. ಡೀಪ್ ಅಂತೂ ಕೇಳಬೇಡ. ರೆಮ್ಮೂ ಆಗಿದೆ."

ಗುಂಟೆ ಎಂದು ಕೇಳಲಿಕ್ಕೆ ಸಿದ್ಧವಾಗಿಯೇ ಬಂದ ಕಿವಿಗೆ ಟಿಪ್ಪರು ಬೇಕಾಗಲಿಲ್ಲ. ರೆಮ್ ಎಂದರೆ ಕನಸು ಬೀಳುವ ನಿದ್ದೆಯಂತೆ, ವಾಚಿನ ಭಾಷೆ. ಕೋರ್ಟು ಕಂಡ ಬೈರಪ್ಪನಿಗೆ ರೆಮ್ಮಿನಿಂದ ಶುರುವಾಗುವುದು ಒಂದೇ ಪದ ಗೊತ್ತಿತ್ತು, ರಿಮಾಂಡ್. ಮನೆಗೆ ಬಂದವನೇ ತೋಟದಿಂದ ರಸಬಾಳೆಯ ದೊಡ್ಡ ಗೊನೆ ಕಡಿದು ಹೆಗಲಿಗೇರಿಸಿಕೊಂಡು ಜಯದೇವಪ್ಪನ ಜಗುಲಿಗೆ ಹೋದ.

"ಎಂತ ಬೈರಪ್ಪ, ಗೊನೆ ಎಂತಕ್ಕೆ?"

"ಮಗಳ ಕಾರ್ಯ ಅಲ್ವಾ. ಇರ್ಲಿ ಅಂತ." ಬೈರಪ್ಪ ಆಚೆ ಈಚೆ ನೋಡಿ ದನಿ ಇಳಿಸಿದ. "ನಿನ್ನೆ ನನ್ನಿಂದ ಎರಡು ಹೋಯ್ತಂತೆ?"

ಜಯದೇವಪ್ಪನಿಗೆ ನಾಚಿಕೆಯಾಯಿತು. ಭಜನೆಯಿಂದ ನಿದ್ದೆ ಕೆಟ್ಟಿತೆಂದು ತಾನು ದೂರಿದ್ದು ಇವನ ಕಿವಿಗೆ ಬಿದ್ದಿದೆ. "ಬೇಜಾರು ಮಾಡ್ಕೋಬೇಡ ಮಾರಾಯ. ದೇವರ ಕಾರ್ಯ ಅದು. ನಾನು ನಿನ್ನ ಮೇಲೆ ದೂರು ಹೇಳಿದ್ದಲ್ಲ."

"ಅಂದ್ರೆ ದೂರು ಬೇರೆಯವ್ರು ಕೊಟ್ಟಿದ್ದಾ?"

"ಯಾರೂ ಕೊಡೋದು ಬೇಡ. ಇದಕ್ಕೆ ತನ್ನಷ್ಟಕ್ಕೇ ಗೊತ್ತಾಗ್ತದೆ." ಜಯದೇವಪ್ಪ ವಾಚನ್ನು ತಟ್ಟಿದ.

ಬೈರಪ್ಪ ಸ್ವಲ್ಪ ಹಿಂದೆ ಸರಿದು ಕೂತ. "ಡೀಪ್ ಹಾಕೋ ಬದಲು ಲೈಟಾಗಿ ಹಾಕ್ಲಿಕ್ಕೆ ಬರೋದಿಲ್ವಾ?"

"ಅಯ್ಯೋ, ನಂಗೆ ಬೇಕಾಗಿರೋದೇ ಡೀಪ್. ಲೈಟ್ ಎಷ್ಟಿದ್ರೆ ಎಂತ ಪ್ರಯೋಜನ? ಡೀಪ್ ಜಾಸ್ತಿ ಮಾಡ್ಬೇಕು ಅಂತ ಮಗಳೂ ಹೇಳಿದಾಳೆ. ದಿನಾ ಎರಡು ಗಂಟೆಯಾದ್ರೂ ಬರ್ಲೇಬೇಕಂತೆ."

"ದಿನಾ ಎರಡು," ಎಂದು ಬೈರಪ್ಪ ಗೊಣಗಿದ. ತನಗಿರುವುದನ್ನು ಎರಡರಿಂದ ಭಾಗಿಸಿದರೆ ಯುಗಾದಿಯವರೆಗೂ ಬರುವುದಿಲ್ಲ ಎಂದು ಅವನ ಮುಖದಲ್ಲೇ ಕಾಣುತ್ತಿತ್ತು. "ಕಾಫಿ ಕುಡಿದು ಹೋಗು," ಎಂದು ಮಲ್ಲಿಕಾ ಒಳಗಿನಿಂದ ಕರೆದಳು. ಅವನು ನಿಲ್ಲಲಿಲ್ಲ.

ಎರಡೇ ದಿನದಲ್ಲಿ ಜಯದೇವಪ್ಪನ ಜಗುಲಿ ತುಂಬಿತು. ಒಬ್ಬರು ಜೇನು ತಂದರು, ಒಬ್ಬರು ಕಾಳುಮೆಣಸು ತಂದರು, ಮಾತು ಬಿಟ್ಟು ವರ್ಷಗಳಾಗಿದ್ದ ದಾಯಾದಿಯೊಬ್ಬ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಂದಿಟ್ಟು ಏನೂ ಹೇಳದೆ ಹೋದ. ಮಗಳ ನಿಶ್ಚಿತಾರ್ಥಕ್ಕೆ ಊರು ಇಷ್ಟು ಪ್ರೀತಿ ತೋರಿಸುವುದನ್ನು ಕಂಡು ಜಯದೇವಪ್ಪನಿಗೆ ಊರಿನ ಮೇಲೆ ಅನುಮಾನ ಶುರುವಾಯಿತು. ಆ ಅನುಮಾನದಲ್ಲಿ ಮತ್ತೊಂದಿಷ್ಟು ನಿದ್ದೆ ಹೋಯಿತು.

ಪುಟ್ಟಯ್ಯ ಮಾತ್ರ ಏನೂ ತರಲಿಲ್ಲ. ಅವನು ಟಾರು ರಸ್ತೆಯಿಂದ ದಾರಿ ಒಳಗೆ ತಿರುಗುವ ಕಡೆ, ಎರಡು ಕಲ್ಲುಕಂಬಗಳ ನಡುವೆ ಇದ್ದ ಕಬ್ಬಿಣದ ಗೇಟನ್ನು ಎಳೆದು, ಸರಪಳಿ ಸುತ್ತಿ, ಬೀಗ ಜಡಿದ. ನಡೆದು ಹೋಗುವವರು ನುಸುಳಬಹುದು. ಗೇಟಿನ ಎರಡೂ ಕಡೆ ರಸ್ತೆಗಾಗಿ ಕಡಿದ ಆಳೆತ್ತರದ ಮಣ್ಣಿನ ದಿಬ್ಬ, ನಮ್ಮ ಕಡೆಯ ಮಾತಲ್ಲಿ ಧರೆ, ಆದ್ದರಿಂದ ವಾಹನ ಬರುವ ಪ್ರಶ್ನೆ ಇಲ್ಲ. ಬರುವ ಭಾನುವಾರವೇ ನಿಶ್ಚಿತಾರ್ಥ. ಕಿಗ್ಗದಿಂದ ಮೂರು ವಾಹನದ ಜನ ಬರುವವರಿದ್ದರು.

ಮಲ್ಲಿಕಾ ಬೀಗ ನೋಡಿ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಕಿಗ್ಗದವ್ರು ದಾರಿ ಯಾರದ್ದು ಅಂತ ಕೇಳಿದ್ರಲ್ಲ. ನೀವು ಎಂತ ಹೇಳಿದ್ರಿ?"

"ನಮ್ಮದೇ ಅಂದೆ."

"ಅಷ್ಟೇನಾ?"

"ಇನ್ನ್ಯಾರದ್ದು ಅಂತಾನೂ ಅಂದೆ."

ಮಲ್ಲಿಕಾ ಸೊಂಟದಿಂದ ಕೈ ತೆಗೆದು ಹಣೆ ಬಡಿದುಕೊಂಡಳು. ಆಮೇಲೆ, "ಅದಕ್ಕೆ ಕಾಫಿ ನಿಲ್ಸಿದೆನಲ್ಲ ನಾನು," ಎಂದಳು. "ಹೋಗಿ ಪುಟ್ಟಯ್ಯನ ಕಾಲಾದ್ರೂ ಹಿಡೀರಿ. ಈ ಸಂಬಂಧ ತಪ್ಪಿದ್ರೆ ನಂಗೂ ನಿದ್ದೆ ಬರೋದಿಲ್ಲ, ನಿಮಗೂ ಬರ್ಲಿಕ್ಕೆ ಬಿಡೋದಿಲ್ಲ."

ಜಯದೇವಪ್ಪ ಪುಟ್ಟಯ್ಯನ ಅಂಗಳಕ್ಕೆ ಹೋದ. ಹೋಗುವಾಗ ವಾಚು ಬಿಚ್ಚಿಡಬಹುದಿತ್ತು. ಬಿಚ್ಚಲಿಲ್ಲ. ಪುಟ್ಟಯ್ಯ ಅವನ ಮುಖ ನೋಡದೆ ವಾಚನ್ನೇ ನೋಡುತ್ತ ಮಾತಾಡಿದ.

"ಗೇಟ್ ಎಂತಕ್ಕೆ ಹಾಕಿದ್ದು ಪುಟ್ಟಯ್ಯ? ಭಾನುವಾರ ಬೀಗರು ಬರ್ತಾರೆ."

"ನೀನು ಯಾರ್ಯಾರನ್ನ ಕರ್ಕೊಂಡು ಬರ್ತೀಯ ಅಂತ ನಂಗೆ ಗೊತ್ತು. ನನ್ನ ಕಡೆಯಿಂದ ಒಂದು ಹೋಯ್ತು ಅಂತ ಕೂಗಿ ಹೇಳಿದವ ನೀನಲ್ವಾ?"

ಓಹೋ, ನಾಯಿಯ ವಿಷಯಕ್ಕೆ ಸಿಟ್ಟಾಗಿದ್ದಾನೆ ಎಂದುಕೊಂಡ ಜಯದೇವಪ್ಪ. "ಅದು ದೊಡ್ಡದಲ್ಲ ಮಾರಾಯ. ರಾತ್ರಿ ಹೊತ್ತು ನಿನ್ನ ನಾಯಿ ಕಟ್ಟಿಹಾಕು. ಅಷ್ಟಾದ್ರೆ ಆ ಒಂದು ಗಂಟೆ ಉಳೀತದೆ."

ಪುಟ್ಟಯ್ಯನ ಕಣ್ಣು ಸಣ್ಣದಾಯಿತು. ರಾತ್ರಿ ನಾಯಿ ಕಟ್ಟಬೇಕು, ಇವನು ಒಳಗೆ ಬಂದು ಮನೆ ಹಿತ್ತಲನ್ನೂ ಅಳೆಯಬೇಕು. ಗುಂಟೆಯ ಆಸೆ ಬೇರೆ ತೋರಿಸುತ್ತಾನೆ. ಅವನು ಎದ್ದು ಹೋಗಿ ಹಗಲು ಕಟ್ಟಿದ್ದ ನಾಯಿಯನ್ನೂ ಬಿಟ್ಟ. ಮಾತುಕತೆ ಅಲ್ಲಿಗೆ ಮುಗಿಯಿತು. ಜಯದೇವಪ್ಪನ ಆ ಸಂಜೆಯ ನಡಿಗೆಯ ಬಹುಪಾಲನ್ನು ವಾಚು ಓಟ ಎಂದು ತೋರಿಸಿತು.

ಇಷ್ಟರಲ್ಲಿ ಸುದ್ದಿ ಗಾರ್ಡ್ ಅರುಣನ ಕಿವಿಗೂ ಬಿತ್ತು. ಅರುಣ ನಮ್ಮ ಕಡೆಯ ಕಾಡು ನೋಡಿಕೊಳ್ಳುವ ಹೊಸ ಗಾರ್ಡು, ಒಳ್ಳೆಯವನು. ಬೈರಪ್ಪ ಅವನನ್ನೇ ಅಡ್ಡಗಟ್ಟಿ, "ಎಂತ ಸಾರ್, ಜಯದೇವಪ್ಪನ ವಾಚಿನ ಸರ್ವೆ ಎಲ್ಲಿಗೆ ಬಂತು?" ಎಂದು ಕೇಳಿದ. ಅರುಣನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲಿಕ್ಕೆ ಸಮವಸ್ತ್ರ ಬಿಡಲಿಲ್ಲ. "ನಡೀತಿದೆ," ಎಂದ. ಹೇಳಿ ಬಂದ ಮೇಲೆ ಅವನಿಗೂ ಅನುಮಾನ ಹತ್ತಿತು. ತನಗೆ ತಿಳಿಸದೆ ಸರ್ವೆ ನಡೆಯುತ್ತಿದೆ ಎಂದರೆ ಅದು ಊರವರ ಸರ್ವೆ ಇರಲಿಕ್ಕಿಲ್ಲ, ತನ್ನದೇ ಸರ್ವೆ ಇರಬೇಕು. ತಾನು ದಿನಾ ಕಾಡು ಸುತ್ತುತ್ತೇನೋ ಇಲ್ಲವೋ ಎಂದು ನೋಡಲಿಕ್ಕೆ ಮೇಲಿನವರು ಈ ವಾಚು ಕಟ್ಟಿದ ಜಯದೇವಪ್ಪನನ್ನೇ ಬಿಟ್ಟಿದ್ದಾರೆ.

ಮರುದಿನ ಜಯದೇವಪ್ಪ ಮೋರಿ ಕಟ್ಟೆಯ ಮೇಲೆ ನಿಂತಿದ್ದಾಗ ಅರುಣ ಬೈಕು ನಿಲ್ಲಿಸಿ, ಇಳಿದು, ಹೆಲ್ಮೆಟ್ ತೆಗೆದು, ಬೂಟು ಜೋಡಿಸಿ ಒಂದು ಸಲ್ಯೂಟ್ ಹೊಡೆದ. ಜಯದೇವಪ್ಪನ ಜೀವಮಾನದಲ್ಲಿ ಅದೇ ಮೊದಲನೆಯ ಸಲ್ಯೂಟು. ಏನು ಮಾಡಬೇಕೆಂದು ತೋಚದೆ, "ಭಾನುವಾರ ಊಟಕ್ಕೆ ಬನ್ನಿ," ಎಂದ. "ಖಂಡಿತ ಸಾರ್," ಎಂದ ಅರುಣ. ಕೊಪ್ಪದ ಬಸ್ಸಿಗೆ ಕಾಯುತ್ತಿದ್ದ ಅರ್ಧ ಊರು ಇದನ್ನು ನೋಡಿತು. ಮಧ್ಯಾಹ್ನದೊಳಗೆ ಉಳಿದರ್ಧ ಊರಿಗೂ ತಿಳಿಯಿತು.

ಸಲ್ಯೂಟಿನ ಸುದ್ದಿಗೆ ಪುಟ್ಟಯ್ಯನ ಧೈರ್ಯ ಪೂರ್ತಿ ಇಳಿಯಿತು. "ಅಳೆದು ಹಿಡಿಯೋ ಮುಂಚೆ ಬಿಟ್ಟವನಿಗೆ ಕೇಸಿಲ್ಲ," ಎಂದು ಬೈರಪ್ಪ ಕಾನೂನು ಹೇಳಿದ. ಶನಿವಾರ ಇಡೀ ದಿನ ಪುಟ್ಟಯ್ಯ ಧರೆಯ ಮೇಲಿದ್ದ ಹಳೆಯ ಬೇಲಿಯನ್ನು ಕಿತ್ತು, ಹಿಂದಕ್ಕೆ ತಂದು, ತನ್ನ ಅಂಗಳದ ಅಂಚಿಗೆ ಹೊಸದಾಗಿ ಹಾಕಿದ. ದಾರಿಯೂ ಅದರ ಅಕ್ಕಪಕ್ಕದ ಕಾಫಿ ಗಿಡಗಳೂ ಬೇಲಿಯ ಹೊರಗಾದವು. ಗೇಟನ್ನು ಮಾತ್ರ ಕೀಳಲಿಲ್ಲ. ಜಾಗ ಸರ್ಕಾರಕ್ಕೆ ಹೋದರೆ ಹೋಗಲಿ, ಜಯದೇವಪ್ಪನಿಗೆ ದಾರಿಯಾಗಬಾರದು ಎಂಬುದು ಅವನ ಲೆಕ್ಕ. ಬೇಲಿಯೇ ಇಲ್ಲದ ಜಾಗಕ್ಕೆ ಬೀಗ ಹಾಕಿದ ಗೇಟು ಒಂಟಿಯಾಗಿ ನಿಂತಿತು.

ಭಾನುವಾರ ಬೆಳಿಗ್ಗೆ ಕಿಗ್ಗದ ಮೂರೂ ವಾಹನಗಳು ಆ ಗೇಟಿನ ಮುಂದೆ ಬಂದು ನಿಂತವು. ಹಿರಿಯಣ್ಣನವರು ಇಳಿದು ಬೀಗವನ್ನು ಕೈಯಲ್ಲಿ ತೂಗಿ ನೋಡಿದರು. ಹಿಂದಿನಿಂದ ಹೆಂಗಸರು ಹಣ್ಣಿನ ಹರಿವಾಣ ಹಿಡಿದುಕೊಂಡು ಇಳಿದರು. ಮದುಮಗ ಕಿರಣ ಇಳಿಯಬೇಕೋ ಬೇಡವೋ ಎಂದು ಬಾಗಿಲು ಹಿಡಿದು ಕೂತಿದ್ದ.

"ಬೀಗರೇ, ದಾರಿ ನಿಮ್ಮದೇ ಅಂದಿದ್ರಲ್ಲ?" ಎಂದರು ಹಿರಿಯಣ್ಣನವರು.

ಗೇಟಿನ ಒಳಗೆ ಹೊಸ ಪಂಚೆ ಉಟ್ಟು ನಿಂತಿದ್ದ ಜಯದೇವಪ್ಪ ವಾಚು ನೋಡಿಕೊಂಡ. ಮಲ್ಲಿಕಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಧರೆಯ ಮೇಲೆ ಪುಟ್ಟಯ್ಯ, ಅವನ ಪಕ್ಕ ಬೈರಪ್ಪ, ಅವರ ಹಿಂದೆ ನಾವೆಲ್ಲ. ಪುಟ್ಟಯ್ಯ ಗಂಟಲು ಸರಿಮಾಡಿಕೊಂಡು, "ದಾರಿ ಯಾರದ್ದು ಅಂತ ಅವನ ಬಾಯಲ್ಲೇ ಹೇಳಿಸಿ," ಎಂದ.

ಆಗ ಅರುಣನ ಬೈಕು ಬಂತು. ಊಟಕ್ಕೇ ಬಂದಿದ್ದರೂ ಸಾಹೇಬರ ಮನೆಯ ಕಾರ್ಯವೆಂದು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿದ್ದ. ಸಾಹೇಬರ ಬೀಗರು ರಸ್ತೆಯಲ್ಲಿ ನಿಂತಿರುವುದನ್ನು ಕಂಡು ಅವನಿಗೆ ಕೋಪ ಬಂತು.

"ಯಾರದ್ದು ಈ ಗೇಟು?"

ಪುಟ್ಟಯ್ಯ ಸಮವಸ್ತ್ರವನ್ನು ನೋಡಿದ. ನನ್ನದು ಎಂದರೆ ಜಾಗ ಯಾರದ್ದು ಎಂಬ ಪ್ರಶ್ನೆ ಬರುತ್ತದೆ. ಜಾಗ ನನ್ನದು ಎಂದರೆ ಕೇಸು.

"ಪುಟ್ಟಯ್ಯನವರೇ, ನಿಮ್ಮದಾ?"

"ನಂದಲ್ಲ. ನನ್ನ ಬೇಲಿ ನೋಡಿ, ಅಲ್ಲಿದೆ," ಎಂದು ಅವನು ಹಿಂದಕ್ಕೆ ಕೈ ತೋರಿಸಿದ.

"ಹಾಗಾದ್ರೆ ಬೀಗ ಒಡೀತೀನಿ."

"ಒಡೀಬೇಡಿ, ಹೊಸ ಬೀಗ," ಎಂದುಬಿಟ್ಟ ಪುಟ್ಟಯ್ಯ. ಆಮೇಲೆ ಸೊಂಟದಿಂದ ಕೀಲಿ ತೆಗೆದ.

"ಕೀಲಿ ನಿಮ್ಮ ಹತ್ರ ಹೇಗೆ ಬಂತು?"

"ದಾರೀಲಿ ಬಿದ್ದಿತ್ತು."

ಗೇಟು ತೆರೆಯಿತು. ಮೂರು ವಾಹನಗಳೂ ಒಳಗೆ ಹೋದವು. ಹಿರಿಯಣ್ಣನವರು ಮಾತ್ರ ನಡೆದೇ ಬಂದರು, ಬೀಗರ ಮುಖವನ್ನು ಪಕ್ಕದಿಂದ ನೋಡುತ್ತ. ತಾಂಬೂಲ ಬದಲಾಯಿಸುವಾಗಲೂ ಅವರ ಕಣ್ಣಿನಲ್ಲಿ ಆ ಬೀಗ ತೂಗುತ್ತಲೇ ಇತ್ತು. "ಲಗ್ನದ ಮಾತು ಊಟ ಆದ್ಮೇಲೆ ಆಡೋಣ," ಎಂದರು.

ಊಟಕ್ಕೆ ಪುಟ್ಟಯ್ಯನೂ ಬಂದ. ಸಿಟ್ಟು ಬೇರೆ, ಹೋಳಿಗೆ ಬೇರೆ. ಅವನ ಬಲಕ್ಕೆ ಬೈರಪ್ಪ, ಎಡಕ್ಕೆ ಅರುಣ, ಎದುರು ಸಾಲಿನಲ್ಲಿ ಹಿರಿಯಣ್ಣನವರು. ನಿಶ್ಚಿತಾ ಸ್ವತಃ ತುಪ್ಪ ಬಡಿಸುತ್ತ ಬಂದಾಗ ಪುಟ್ಟಯ್ಯ ಮೆಲ್ಲಗೆ ಕೇಳಿದ. "ನಿಜ ಹೇಳು ಮಗಾ. ನಿನ್ನಪ್ಪ ನಂದು ಒಟ್ಟು ಎಷ್ಟು ಗುಂಟೆ ಬರೆಸಿದಾನೆ?"

"ಎಂತ ಗುಂಟೆ ಮಾವ?"

"ವಾಚಲ್ಲಿ. ಡೀಮ್ಡ್."

ನಿಶ್ಚಿತಾ ತುಪ್ಪದ ಪಾತ್ರೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅವಳ ಭುಜ ಕುಲುಕತೊಡಗಿತು. "ಡೀಪ್ ಮಾವ, ಡೀಪ್. ಗಾಢ ನಿದ್ದೆ. ಅಪ್ಪಂಗೆ ನಿದ್ದೆ ಬರೋದಿಲ್ಲ, ಅದನ್ನ ಅಳೆಯೋ ವಾಚದು. ಗುಂಟೆ ಅಲ್ಲ, ಗಂಟೆ. ನಿಮ್ಮ ನಾಯಿ ಬೊಗಳಿ ಒಂದು ಗಂಟೆ ನಿದ್ದೆ ಹೋಯ್ತಂತೆ."

ಸಾಲಿನಲ್ಲಿ ಆ ಮಾತು ಎಲೆಯಿಂದ ಎಲೆಗೆ ಹೋಯಿತು. ಬೈರಪ್ಪ ತನ್ನ ರಸಬಾಳೆ ಗೊನೆ ತೂಗುಹಾಕಿದ್ದ ಕಡೆ ನೋಡಿದ. ಅರುಣ ಸಲ್ಯೂಟ್ ಹೊಡೆದ ಕೈಯನ್ನು ಒಮ್ಮೆ ನೋಡಿಕೊಂಡ. ಪುಟ್ಟಯ್ಯ ಹೋಳಿಗೆ ಮುರಿದವನು ಬಾಯಿಗೆ ಹಾಕಲಿಲ್ಲ. ನಾಳೆ ಬೆಳಕು ಹರಿಯುವ ಮುಂಚೆ ಬೇಲಿಯನ್ನು ಮತ್ತೆ ಧರೆಯ ಮೇಲೆ ಹಾಕುವುದು ಎಂದು ಅವನ ದವಡೆ ಬಿಗಿದದ್ದರಲ್ಲೇ ನಮಗೆಲ್ಲ ತಿಳಿಯಿತು.

ಅರುಣ ಸುಧಾರಿಸಿಕೊಂಡು ಗಂಭೀರನಾದ. ಇನ್ನು ಅವನಿಗೆ ಯಾರ ಹೆದರಿಕೆಯೂ ಇರಲಿಲ್ಲ. "ಇರ್ಲಿ, ಪುಟ್ಟಯ್ಯನವರು ಒಳ್ಳೆ ಮನಸ್ಸಿಂದ ಜಾಗ ಬಿಟ್ಟಿದಾರೆ. ನಂದಲ್ಲ ಅಂತ ಎಲ್ಲರ ಮುಂದೆ ಹೇಳಿದಾರೆ. ಈ ವಾರವೇ ಸುತ್ತ ಕಂದಕ ತೆಗೆಸಿ ನೇರಳೆ ಸಸಿ ನೆಡಿಸ್ತೀನಿ."

"ಕಂದಕ ತೆಗೆದ್ರೆ ದಾರಿ?" ಎಂದರು ಹಿರಿಯಣ್ಣನವರು.

"ಕಾಡಿಗೆ ಸೇರಿದ ಮೇಲೆ ದಾರಿ ಎಲ್ಲಿ ಬಂತು?"

ಮಲ್ಲಿಕಾ ಬಡಿಸುತ್ತಿದ್ದ ಸೌಟು ನಿಂತಿತು. ಹಿರಿಯಣ್ಣನವರು ಎಲೆಯಿಂದ ಕೈ ತೆಗೆದರು. ಎಲ್ಲರೂ ಪುಟ್ಟಯ್ಯನನ್ನು ನೋಡಿದರು. ಅವನು ಒಮ್ಮೆ ಅರುಣನನ್ನು ನೋಡಿದ, ಒಮ್ಮೆ ಬೈರಪ್ಪನನ್ನು ನೋಡಿದ. ಬೈರಪ್ಪ ಅವನ ಕಿವಿಯಲ್ಲಿ ಏನೋ ಕಾನೂನು ಉಸುರಿದ. ಕಂದಕ ತೆಗೆದರೆ ಪುಟ್ಟಯ್ಯನ ದನಗಳೂ ರಸ್ತೆಗೆ ಇಳಿಯುವಂತಿಲ್ಲ, ಕಾಫಿ ಗಿಡಕ್ಕೆ ಇನ್ನೆಂದೂ ಕೈ ಹಾಕುವಂತಿಲ್ಲ. ಉಳಿಸಿಕೊಳ್ಳಲಿಕ್ಕೆ ಇದ್ದ ಮಾತು ಒಂದೇ. ಪುಟ್ಟಯ್ಯ ಎಡಗೈ ಊರಿ ಎದ್ದು ನಿಂತ.

"ಕಂದಕ ತೆಗೆಯೋ ಹಾಗಿಲ್ಲ. ಅದು ದಾರಿ," ಎಂದ. "ನಮ್ಮಜ್ಜನ ಕಾಲದಿಂದ ಜಯದೇವಪ್ಪನ ಮನೆಗೆ ಹೋಗೋ ದಾರಿ. ಅವನ ಹೆಂಡತಿ ಮದುವೆಯಾಗಿ ಬಂದಿದ್ದು ಆ ದಾರೀಲೇ, ಅವನಪ್ಪನ್ನ ಹೊತ್ತುಕೊಂಡು ಹೋಗಿದ್ದೂ ಆ ದಾರೀಲೇ. ಇವತ್ತು ಕಿಗ್ಗದ ಬೀಗರು ಬಂದಿದ್ದೂ ಅಲ್ಲೇ. ಯಾವ ಆಫೀಸಲ್ಲಿ ಬೇಕಾದ್ರೂ ಬಂದು ಹೇಳ್ತೀನಿ, ಬರೆದೂ ಕೊಡ್ತೀನಿ. ದಾರಿ ಜಯದೇವಪ್ಪಂದು."

"ನಾನೂ ಸಾಕ್ಷಿ," ಎಂದ ಬೈರಪ್ಪ.

ಅರುಣ, ದಾರಿಯಿದ್ದರೆ ದಾರಿ ಬಿಟ್ಟೇ ನೆಡಬೇಕಾಗುತ್ತದೆ ಎಂದು ಒಪ್ಪಿಕೊಂಡ. ಹಿರಿಯಣ್ಣನವರು ಮತ್ತೆ ಎಲೆಗೆ ಕೈ ಹಾಕಿದರು. "ಬೀಗರು ಸುಳ್ಳು ಹೇಳಿರ್ಲಿಲ್ಲ," ಎಂದು ಹೆಂಡತಿಯ ಕಡೆ ತಿರುಗಿ, "ಚೈತ್ರದಲ್ಲೇ ಲಗ್ನ ಇಟ್ಕೊಳ್ಳೋಣ," ಎಂದರು. ಮಲ್ಲಿಕಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳಿಗೆ ನಗುವೂ ಬರುತ್ತಿತ್ತು.

ಈ ಒಂದು ಮಾತಿಗಾಗಿ ಜಯದೇವಪ್ಪ ತನ್ನ ಯೌವನದಿಂದ ಪುಟ್ಟಯ್ಯನ ಮುಖ ನೋಡುತ್ತ ಬಂದಿದ್ದ. ಈಗ ಅವನು ಏನೆನ್ನುತ್ತಾನೋ ನೋಡೋಣ ಎಂದು ಇಡೀ ಪಂಕ್ತಿ ಅವನ ಕಡೆ ತಿರುಗಿತು.

ಸಾಲಿನ ಕೊನೆಯ ಎಲೆಯ ಮುಂದೆ ಜಯದೇವಪ್ಪ ಗೋಡೆಗೆ ಒರಗಿದ್ದ. ಬಲಗೈ ಅನ್ನಸಾರಿನಲ್ಲಿತ್ತು, ಎಡಗೈ ತೊಡೆಯ ಮೇಲಿತ್ತು, ಗದ್ದ ಎದೆಗೆ ಬಿದ್ದಿತ್ತು. ಗೇಟಿನಿಂದ ವಾಹನಗಳು ಒಳಗೆ ಬಂದಾಗಿನಿಂದಲೂ ಅವನ ಕಣ್ಣು ಎಳೆಯುತ್ತಿತ್ತಂತೆ. ಕಂದಕದ ಮಾತು ಬರುವ ಮೊದಲೇ ಹೋಗಿಬಿಟ್ಟಿದ್ದ. ಗೊರಕೆ ಮೆಲ್ಲಗೆ ಶುರುವಾಗಿತ್ತು. ಪುಟ್ಟಯ್ಯ ಅವನನ್ನು ಅಲುಗಾಡಿಸಿ ಎಬ್ಬಿಸಲಿಕ್ಕೆ ಎಲೆ ದಾಟಿ ಹೊರಟ.

"ಮುಟ್ಟಬೇಡಿ," ಎಂದಳು ಮಲ್ಲಿಕಾ. "ಅವರ ಕೈ ತೊಳೆಸಿ ಇಲ್ಲೇ ಮಲಗಿಸ್ತೀನಿ. ಉಳಿದವ್ರು ಸ್ವಲ್ಪ ಮೆಲ್ಲಗೆ ಉಣ್ಣಿ."